ಏಳನೆಯ ಕಲ್ಲು ಹೊಳೆಯಲ್ಲಿರಲಿ

ಶಾಲಿವಾಹನ ಶಕೆ ೨೦೬೮, ಪರಾಭವ ಸಂವತ್ಸರ, ಭಾದ್ರಪದ ಅಮಾವಾಸ್ಯೆ
ಹೊಳೆಪೇಟೆ

ನಮ್ಮ ಮುತ್ತಜ್ಜಿಯ ಅವ್ವನಾದ ಓಂಕಾರವ್ವನವರಿಗೆ, ಹಾಲವ್ವ ಮಾಡುವ ಶರಣು.

ಈ ತಾರೀಖು ನೋಡಿ ಗಾಬರಿಯಾಗಬೇಡಿ. ನೀವಿರುವ ಕಾಲಕ್ಕೆ ಇದು ಇನ್ನೂ ಬಂದಿಲ್ಲ. ನಮ್ಮಲ್ಲಿ ಹಿರಿಯರ ಹಬ್ಬಕ್ಕೆ ಎಡೆಯ ಪಕ್ಕ ಒಂದು ಕಾಗದವನ್ನೂ ಇಡುತ್ತೇವೆ; ಹಿಂದೋಲೆ ಅನ್ನುತ್ತೇವೆ. ಹಿರಿಯರು ಬದುಕಿದ್ದ ದಿನಗಳಿಗೆ ಅದು ಮುಟ್ಟುತ್ತದೆ ಎಂಬ ನಂಬಿಕೆ. ನಾನು ಹಳ್ಳಿ ಸಾಲೆಯಲ್ಲಿ ಕಲಿತವಳು. ಮಾತು ಒರಟಾದರೆ, ಗೊತ್ತಿಲ್ಲದ ಶಬ್ದ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಹೊಳೆಪೇಟೆ ಚೆಂದ ಉಳಿದಿದೆ. ಬಣ್ಣಗಾರರ ಓಣಿ ಬಿದ್ದು, ಅರಿಸಿನದ ಮಂಡಿಗಳು ಇಲಿಗಳ ಪಾಲಾಗಿ, ಊರೆಲ್ಲ ಕಸ ಸುರಿಯುತ್ತಿದ್ದ ದಂಡೆಯನ್ನು ನಿಮ್ಮ ಕಾಲದವರು ಎತ್ತಿ ನಿಲ್ಲಿಸಿದಿರಂತೆ. ಮಂಡಿಗಳ ತೊಲೆ, ಕಂಬ ಈಗಲೂ ಹಾಗೇ ಇವೆ. ಸಂಜೆ ಸಾಲುದೀಪ ಹತ್ತುತ್ತವೆ, ದೂರದೂರಿನವರು ಬಂದು ಮಂಡಕ್ಕಿ-ಮೆಣಸಿನಕಾಯಿ ತಿನ್ನುತ್ತಾರೆ. ಗಂಗಮ್ಮನ ಗುಡಿಯ ಗೋಡೆಯಲ್ಲಿ ನಿಮ್ಮ ಹೆಸರಿದೆ. ಮೂಗುಬೊಟ್ಟು ಬಿಚ್ಚಿಕೊಟ್ಟು ಕಟ್ಟಿಸಿದಿರಿ ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಆ ಗುಡಿಯ ವಿಷಯಕ್ಕೇ ಬರೆಯುತ್ತಿದ್ದೇನೆ. ಮೊದಲು ಗಂಗಮ್ಮನಿಗೆ ಗುಡಿ ಇರಲಿಲ್ಲವಲ್ಲ. ಬಾಣಂತಿ ಕೂಸನ್ನೆತ್ತಿಕೊಂಡು ಹೊಳೆಗಿಳಿದು, ನೀರೊಳಗಿಂದ ಏಳು ಕಲ್ಲು ಆರಿಸಿ, ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿ, ಮತ್ತೆ ನೀರಿಗೇ ಬಿಡುತ್ತಿದ್ದಳು. ಆಮೇಲೆಯೇ ಮನೆಯ ನೀರಿನ ಕೊಡ ಮುಟ್ಟುತ್ತಿದ್ದಳು. ತಾಯಿ ಕೆಸರಲ್ಲಿ ಕೂರಬಾರದು ಎಂದು ನೀವು ಏಳು ಕಲ್ಲನ್ನು ಮೇಲೆ ತಂದು, ಗುಡಿಯಲ್ಲಿ ಸಿಮೆಂಟ್ ಹಾಕಿ ಕೂರಿಸಿದಿರಿ. ಭಕ್ತಿಯಿಂದಲೇ ಮಾಡಿದಿರಿ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಅಲ್ಲಿಂದ ಬಾಣಂತಿಯರು ಗುಡಿಯ ನಲ್ಲಿ ನೀರಲ್ಲೇ ಪೂಜೆ ಮುಗಿಸಿದರು. ಇಳಿಯುವವರಿಲ್ಲದ ಮೆಟ್ಟಿಲಿಗೆ ಗೇಟು ಬಂತು, ಗೇಟಿಗೆ ಬೀಗ ಬಂತು. ಕೆಳಗೆ ಮರಳು ಎತ್ತಿದ್ದು, ಮೋರಿ ತಿರುಗಿಸಿದ್ದು, ನೀರು ಕಪ್ಪಾಗಿದ್ದು ಯಾವ ಹೆಂಗಸಿನ ಕಣ್ಣಿಗೂ ಬೀಳಲಿಲ್ಲ. ಕಡೆಗೆ ಮೆಟ್ಟಿಲ ಬುಡದಲ್ಲಿ ಎರಡಾಳೆತ್ತರದ ಗೋಡೆ ಎದ್ದಿತು.

ಈಗ ಹೊಳೆ ಹರಿಯುವುದು ತಿಂಗಳಿಗೊಮ್ಮೆ, ಮೇಲಿನ ಅಣೆಕಟ್ಟಿನವರು ಬಿಟ್ಟಾಗ. ಆ ದಿನಕ್ಕೆ ಹೊಳೆವಾರ ಎಂದು ಹೆಸರು. ಮಿಕ್ಕ ದಿನ ಗಾಳಿಗಿಂಡಿಯ ನೀರು. ಮಾಳಿಗೆಯ ಮೇಲಿಟ್ಟರೆ ಗಾಳಿಯ ತೇವವನ್ನು ಹಿಂಡಿಕೊಡುವ ಪಾತ್ರೆ ಅದು. ಕುಡಿಯಲು ಅಡ್ಡಿಯಿಲ್ಲ. ಅದಕ್ಕೆ ಕೈಮುಗಿಯಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ.

ನನ್ನ ಮಗಳು ಸಿರಿಗೌರಿ ಹೆತ್ತು ಐದು ತಿಂಗಳಾಯಿತು. ಮೊದಲೆರಡು ಕೂಸು ಉಳಿಯಲಿಲ್ಲ. ಅವೆರಡಕ್ಕೂ ಗುಡಿಯಲ್ಲೇ ಪೂಜೆ ಮಾಡಿಸಿದ್ದೆವು. ಈ ಸಲ ಹರಿಯುವ ನೀರಲ್ಲಿ ಕಾಲಿಟ್ಟು ಗಂಗೆ ಪೂಜೆ ಮಾಡದೆ ನೀರಿನ ಕೊಡ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾಳೆ.

ಇವತ್ತು ಹೊಳೆವಾರ. ಗೇಟು ಕಾಯುವ ಕರಿಬಸಪ್ಪನನ್ನು ಕಾಡಿದೆವು. “ಗಂಗಮ್ಮ ಮೇಲೇ ಅದಾಳಲ್ಲವ್ವ, ಕೆಳಗೇನೈತಿ?” ಅಂದ. “ಆಕಿ ತವರುಮನಿ ಐತಪ್ಪಾ, ತೆಗಿ” ಅಂದೆ. ನಗುತ್ತ ಬೀಗ ತೆಗೆದ. ಇಳಿಯಲು ದಾರಿಯಿಲ್ಲ, ಕಲ್ಲಾದರೂ ಸಿಗಲಿ ಎಂದು ತಾನೇ ಗೋಡೆ ಹತ್ತಿ, ಹಗ್ಗ ಕಟ್ಟಿ ಬಿಂದಿಗೆ ಇಳಿಬಿಟ್ಟು, ತಳ ಗೀರುವ ಹಾಗೆ ಎಳೆದ. ನೀರು ಬಂತು, ರಾಡಿ ಬಂತು, ಕಲ್ಲು ಬರಲಿಲ್ಲ. ಮತ್ತೆ ಇಳಿಬಿಟ್ಟ, ಮತ್ತೆ ಎಳೆದ. “ತಳದಾಗ ಒಂದು ಹಳ್ಳೂ ಉಳಿದಿಲ್ಲವ್ವ” ಅಂದಾಗ ಅವನ ಮುಖದಲ್ಲಿ ನಗು ಇರಲಿಲ್ಲ. ಗೌರಿ ಕೂಸನ್ನು ಅವಚಿಕೊಂಡು ಗೋಡೆಗೆ ಹಣೆ ಹಚ್ಚಿ ನಿಂತಳು. ಬಿಂದಿಗೆಯ ನೀರನ್ನು ಹೊಳೆಗೇ ಸುರಿದು ಬಂದೆವು.

ಓಂಕಾರವ್ವ, ಗುಡಿ ಏಳುವ ಮೊದಲೇ ಈ ಓಲೆ ನಿಮ್ಮ ಕೈ ಸೇರಲಿ. ಗುಡಿ ಬೇಡ ಅನ್ನುವುದಿಲ್ಲ, ಕಟ್ಟಿಸಿ. ಆದರೆ ಸಿಮೆಂಟ್ ಕಲಸುವ ದಿನ ಆರೇ ಕಲ್ಲು ಕೂರಿಸಿ. ಏಳನೆಯದರ ಜಾಗ ಖಾಲಿ ಬಿಡಿ. ಅದನ್ನು ಒಬ್ಬೊಬ್ಬ ಬಾಣಂತಿಯೂ ತಾನೇ ಇಳಿದು ತರಬೇಕು, ಪೂಜೆಯಾದ ಮೇಲೆ ತಾನೇ ಇಳಿದು ಬಿಡಬೇಕು ಎಂದು ಕಟ್ಟು ಮಾಡಿ. ಹೆಂಗಸರು ಓಡಾಡುವ ಮೆಟ್ಟಿಲಿಗೆ ಬೀಗ ಹಾಕಲು ಯಾರಿಗೂ ಧೈರ್ಯ ಬಾರದು.

ಎಡೆ ಆರುತ್ತಿದೆ. ನಿಮಗೆ ಕಡಬು ಇಷ್ಟವಂತೆ, ಮಾಡಿದ್ದೇನೆ. ಒಳಗೆ ಕೂಸು ಅಳುತ್ತಿದೆ, ಮೈ ತೊಳೆಯಬೇಕು. ಗೌರಿ ತುಂಬಿದ ಕೊಡದ ಮುಂದೆ ಕೈಕಟ್ಟಿ ಕೂತಿದ್ದಾಳೆ. ನಾನೇ ಏಳುತ್ತೇನೆ.