ಶ್ಯಾಣ್ಯಾ ಸುಗುಣ

ಗಜೇಂದ್ರಗಡ
೧೨-೮-೧೯೫೭, ಸೋಮವಾರ

ರೋಣದಲ್ಲಿರುವ ಮಾಸ್ತರರಿಗೆ, ಅವರ ಹೆಂಡತಿ ನಗು ಬಿಗಿಹಿಡಿದು ಮಾಡುವ ನಮಸ್ಕಾರ.

ಮೂರು ವರ್ಷದ ಮೇಲೆ ಪತ್ರ ಬಂತೆಂದು ಗಾಬರಿಯಾಗಬೇಡಿ, ಯಾರೂ ಸತ್ತಿಲ್ಲ. ಟಪಾಲಿಗೆ ಹಾಕಿದರೆ ತಡವಾದೀತೆಂದು ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕಳಿಸಿದ್ದೇನೆ. ಪೂರ್ತಿ ಓದುವ ತನಕ ಹರಿಯಬೇಡಿ.

ನೀವು ಬರೆದ 'ಸುಗುಣನ ದಿನಚರಿ' ನೆನಪಿದೆಯಲ್ಲ? ಕೋಳಿ ಕೂಗುವ ಮೊದಲೇ ಏಳುವ, ರೊಟ್ಟಿ ದಾನ ಮಾಡುವ, ಸುಳ್ಳೇ ಆಡದ ಆ ಹುಡುಗ. ನಾಲ್ಕು ಮಂದಿ ಮಾಸ್ತರರ ಮುಂದೆ ನೀವು ಅದನ್ನು ಓದುವಾಗ ನಾನು ಚಹಾದ ತಾಟು ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕೆ. ಮರುವಾರವೇ ನೀವು ರೋಣಕ್ಕೆ ವರ್ಗ ಮಾಡಿಸಿಕೊಂಡಿರಿ.

ಈಗ ನಾನೂ ಒಂದು ಪುಸ್ತಕ ಮಾಡಿದ್ದೇನೆ! ಬುಟ್ಟಿಯಲ್ಲಿ ಮಕ್ಕಳ ಪಾಟಿ, ಬಳಪ ಮಾರುತ್ತಿದ್ದವಳಿಗೆ ಬಸ್ ನಿಲ್ದಾಣದ ಎದುರು ಪುಸ್ತಕದ ಅಂಗಡಿಯಾಗಿದೆ, ಮಾರುವವಳು ಬರೆಯಬಾರದೇನು? ಹನ್ನೆರಡು ಪುಟ, ಪುಟಕ್ಕೊಂದು ಚಿತ್ರ. ಹೆಸರು 'ಶ್ಯಾಣ್ಯಾ ಸುಗುಣ'. ಚಿತ್ರ ಬರೆದವಳು ಮಗ್ಗದ ಮನೆಯ ಮುಮತಾಜಬಿ. ಎಳೆ ಎಣಿಸಿ ಸೆರಗಿನಲ್ಲಿ ನವಿಲು ನೇಯುವ ಕೈ ನೋಡಿ, ಸುಗುಣನೂ ಚೌಕ, ಹುಂಜವೂ ಚೌಕ! ಮೊದಲ ಪುಟದಲ್ಲಿ ಸುಗುಣ ಹೋಗಿ ಹುಂಜವನ್ನೇ ಎಬ್ಬಿಸುತ್ತಾನೆ. ಅದು ಬೈದು ಮಗ್ಗಲು ಬದಲಿಸುತ್ತದೆ. ನಾಲ್ಕನೆಯದರಲ್ಲಿ ರೊಟ್ಟಿ ದಾನ ಕೊಟ್ಟರೆ ಭಿಕ್ಷುಕ, "ಬರೇ ರೊಟ್ಟಿ ಏನೋ ತಮ್ಮಾ? ಚಟ್ನಿ ಯಾರ್ ತರತಾರ?" ಎನ್ನುತ್ತಾನೆ. ಏಳನೆಯದರಲ್ಲಿ ಸುಗುಣ ಬೀಗರ ಮುಂದೆ ಸತ್ಯ ನುಡಿಯುತ್ತಾನೆ: "ಇವ್ರು ಯಾವಾಗ ಹೋಗ್ತಾರೋ ಅಂತ ನಮ್ಮವ್ವ ಒಳಗ ಕೇಳಾಕತ್ಯಾಳ್ರಿ." ಬಸ್ಸು ಕಾಯುವವರಿಗೆ ಓದಿದೆ. ಒಂಬತ್ತು ಪುಟಕ್ಕೆ ನಕ್ಕರು, ಎಣಿಸಿದ್ದೇನೆ.

ಈಗ ಮುಖ್ಯ ಮಾತು. ಮೈಸೂರು ಕಡೆಯಿಂದ ಹೊಸದಾಗಿ ಬಂದ ಸಾಲಿ ತಪಾಸಣೆಯ ಸಾಹೇಬರು ಅಂಗಡಿಗೆ ಬಂದರು.

"ಶ್ಯಾಣ್ಯಾ ಅಂದ್ರೇನಮ್ಮಾ?" ಎಂದರು.

"ಜಾಣ ಅಂತ್ರಿ ಸಾಹೇಬ್ರ" ಎಂದೆ.

ಸುಳ್ಳೇನು? ಆದರೆ ನಮ್ಮ ಕಡೆ 'ಭಾಳ ಶ್ಯಾಣ್ಯಾ ಅದಾನ' ಎಂದು ಅತಿಜಾಣತನ ಮಾಡಿ ಕೆಡಿಸುವವನಿಗೇ ಅನ್ನುತ್ತಾರೆಂದು ನಿಮಗೆ ಗೊತ್ತು. ನಾನು ಅರ್ಥ ಹೇಳಿದೆ, ದನಿ ಹೇಳಲಿಲ್ಲ. ಅವರು ಮೊದಲ ಪುಟವಷ್ಟೇ ನೋಡಿ, "ಹುಂಜವನ್ನೇ ಎಬ್ಬಿಸ್ತಾನೆ! ಎಂಥ ಆದರ್ಶ!" ಎಂದು ನಲವತ್ತು ಪ್ರತಿ ಕಟ್ಟಿಸಿಕೊಂಡರು. ಗುರುವಾರ, ಆಗಸ್ಟ್ ಹದಿನೈದಕ್ಕೆ, ನಿಮ್ಮ ಸಾಲಿಯಲ್ಲೇ ಮಕ್ಕಳಿಗೆ ಬಹುಮಾನವೆಂದು ಹಂಚುತ್ತಾರಂತೆ. ಬರೆದವರೇ ವೇದಿಕೆ ಏರಿ ಓದಬೇಕಂತೆ!

ಏರಿ ಓದುವವರು ನೀವು. ನಾನು ಓದಿದರೆ ಮಂದಿಗಿಂತ ಮೊದಲು ನನಗೇ ನಗು ಬರುತ್ತದೆ. ನಿಮ್ಮ ಹಾಗೆ ಹುಬ್ಬು ಗಂಟಿಕ್ಕಿ, ಒಂದೊಂದು ಅಕ್ಷರಕ್ಕೂ ಮರ್ಯಾದೆ ಕೊಟ್ಟು ಓದಿದರೆ ಹನ್ನೆರಡೂ ಪುಟಕ್ಕೆ ನಗುತ್ತಾರೆ, ಬರೆದಿಟ್ಟುಕೊಳ್ಳಿ. ಅಂದು ನಾನು ನಕ್ಕದ್ದು ನಿಮ್ಮನ್ನು ನೋಡಿ ಅಲ್ಲ, ಸುಗುಣನ ಕಾಟಕ್ಕೆ. ಆಗಲೇ ಹೇಳಬೇಕಿತ್ತು, ನಗು ನಿಲ್ಲುವುದರೊಳಗೆ ನೀವು ಟ್ರಂಕು ಕಟ್ಟಿದ್ದಿರಿ. ಸಾಹೇಬರು ಸಿಟ್ಟಾದರೆ ಆ ಸಿಟ್ಟು ನನ್ನ ಪಾಲಿಗಿರಲಿ. ಹೆಂಗಸರ ಸಾಲಿನಲ್ಲಿ ಮುಂದೆಯೇ ಕುಳಿತಿರುತ್ತೇನೆ. ಓದಿ ಮುಗಿದ ಮೇಲೆ ಗಜೇಂದ್ರಗಡದ ಬಸ್ಸಿನಲ್ಲಿ ಎರಡು ಜಾಗ ಹಿಡಿದಿರುತ್ತೇನೆ.

ಇನ್ನೂ ನಿಮ್ಮವಳೇ ಆದ
ಹೊನ್ನವ್ವ

ತಾ.ಕ.: ಬರೆದವಳು ನೀನು, ನಾನೇಕೆ ಏರಲಿ ಎನ್ನುತ್ತೀರಿ. ಗದಗಿನ ಛಾಪಖಾನೆಯವರು ಬರೆದವರ ಹೆಸರು ಕೇಳಿದರು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು. ಛಾಪಿಸಬಾರದೆಂದು ಯಾರೂ ಹೇಳಿಲ್ಲ. ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ 'ಹೂವಪ್ಪ ಮಾಸ್ತರ' ಎಂದಿದೆ. ಐನೂರು ಪ್ರತಿ. ದಿನಾ ಅಂಗಡಿ ತೆಗೆದ ಕೂಡಲೇ ಆ ಹೆಸರಿನ ಮೇಲಿನ ಧೂಳು ಒರೆಸುತ್ತೇನೆ.