ಏನೂ ಕಾಣದ ಹಾರಾಟಗಳು

ಆಸ್ಟಿನ್, ಟೆಕ್ಸಸ್
5 ಅಕ್ಟೋಬರ್ 2014, ಭಾನುವಾರ

ಪ್ರೀತಿಯ ತಾತ,

ಮೊಣಕಾಲು ನೋವು ಹೇಗಿದೆ? ಹೊಸ ಕಿವಿ ಮೆಷಿನ್ ಡ್ರಾಯರ್‌ನಲ್ಲೇ ಆರಾಮಾಗಿ ಮಲಗಿದೆಯಂತೆ, ಅಮ್ಮ ಹೇಳಿದಳು. ಅದಕ್ಕೇ ಫೋನ್ ಬಿಟ್ಟು ಪತ್ರ ಹಿಡಿದಿದ್ದೇನೆ, ಇದಕ್ಕೆ "ಆಂ? ಏನಂದೆ?" ಎಂದು ಜಾರಿಕೊಳ್ಳಲು ಆಗುವುದಿಲ್ಲ. ನಾನು ಚೆನ್ನಾಗಿದ್ದೇನೆ, ಆದರೆ ನಿಮ್ಮ ಮೇಲೆ ಸಿಟ್ಟಿದೆ. ದೀಪಾವಳಿಗೆ ಮನೆ ಕ್ಲೀನ್ ಮಾಡುವಾಗ ನಿಮ್ಮ ನೌಕಾಪಡೆಯ ಟ್ರಂಕು ಖಾಲಿ ಮಾಡಿ, ಹಾರಾಟದ ಲಾಗ್‌ಬುಕ್ಕನ್ನೂ ರದ್ದಿಗೆ ಹಾಕು ಅಂದಿರಂತೆ. "ಅದ್ರಲ್ಲಿ ಏನಿದೆ ಮಣ್ಣು" ಅಂದಿರಂತೆ. ಈ ಪತ್ರ ಸೇರುವ ತನಕ ಟ್ರಂಕು ಮುಟ್ಟುವುದಿಲ್ಲ ಎಂದು ಅಮ್ಮನ ಕೈಲಿ ಆಣೆ ಮಾಡಿಸಿಕೊಂಡಿದ್ದೇನೆ. ಆ ಪುಸ್ತಕ ನನಗೆ ಬೇಕು. ಯಾಕೆಂದು ಹೇಳುತ್ತೇನೆ, ಕನ್ನಡಕ ಹಾಕಿಕೊಂಡು ಪೂರ್ತಿ ಓದಿ.

ನನ್ನ ಥೀಸಿಸ್ ನಿಮಗೆ ಗೊತ್ತಲ್ಲ: ಎರಡನೆಯ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಸರಕು ಹಡಗುಗಳ ಗುಂಪನ್ನು ಸಬ್‌ಮರೀನ್‌ಗಳಿಂದ ಕಾಯಲು, ಜೊತೆಗೆ ಹೋಗುವ ಪುಟ್ಟ ವಿಮಾನವಾಹಕ ಹಡಗಿನಲ್ಲಿ ಯಾವ ವಿಮಾನ ಇಡಬೇಕು, ಅದನ್ನು ಹೇಗೆ ಬಳಸಬೇಕು ಎಂಬುದು. ಇಲ್ಲಿ ಇದನ್ನೇ ಆಟವಾಗಿ ಆಡುವವರಿದ್ದಾರೆ. ಹಾಲ್‌ನ ನೆಲವೇ ಸಮುದ್ರ, ಮರದ ತುಂಡುಗಳೇ ಹಡಗು. ಫೆಬ್ರವರಿಯಲ್ಲಿ ಡಲ್ಲಾಸ್‌ಗೆ ಹೋಗಿ ಆಡಿದೆ. ವೇಗದ ವಿಮಾನಗಳನ್ನೇ ಆರಿಸಿಕೊಂಡೆ. ಒಂದು ಸುಳಿವು ಸಿಕ್ಕಿದ್ದೇ ತಡ, ಇದ್ದಬದ್ದವನ್ನೆಲ್ಲ ಬೇಟೆಗೆ ಅಟ್ಟಿದೆ. ಒಂದಾದರೂ ಸಬ್‌ಮರೀನ್ ಮುಳುಗಿಸಿ ನಿಮಗೆ ಹೇಳಬೇಕೆಂಬ ಚಪಲ. ಎರಡು ಮುಳುಗಿಸಿದೆ! ಚಪ್ಪಾಳೆಯೂ ಬಿತ್ತು. ಆಮೇಲೆ ಅಂಪೈರ್ ಹಡಗು ಎಣಿಸಿದರು. ನಾನು ಬೇಟೆಯಲ್ಲಿದ್ದಾಗ ಉಳಿದ ಸಬ್‌ಮರೀನ್‌ಗಳು ಕಾವಲಿಲ್ಲದ ಗುಂಪಿಗೆ ನುಗ್ಗಿದ್ದವು. ಮೂವತ್ತೇಳರಲ್ಲಿ ದಡ ಸೇರಿದ್ದು ಹತ್ತೊಂಬತ್ತು. ವಾಪಸ್ ಡ್ರೈವ್ ಮಾಡುವಾಗ ದಾರಿಯುದ್ದಕ್ಕೂ ಮುಳುಗಿದ ಆ ಹದಿನೆಂಟನ್ನೇ ಲೆಕ್ಕ ಹಾಕುತ್ತಿದ್ದೆ.

ಆಗಸ್ಟ್‌ನಲ್ಲಿ ಹ್ಯೂಸ್ಟನ್‌ಗೆ ಹೋದಾಗ ಬೇರೆಯೇ ಲೆಕ್ಕ ಹಾಕಿದೆ. ಎರಡು ಜೊತೆ ರೆಕ್ಕೆಯ, ನಿಧಾನದ ಹಳೇ ವಿಮಾನ ಆರಿಸಿದೆ. ಚಿಕ್ಕ ಡೆಕ್ಕು ಎಷ್ಟೇ ಹೊಯ್ದಾಡಲಿ, ಅದು ಏರುತ್ತದೆ, ಇಳಿಯುತ್ತದೆ. ನಮ್ಮ ತಂಡದ ಹುಬ್ಬಳ್ಳಿಯ ದುಷ್ಯಂತ್, "ಏನ್ರೀ ಸಂಹಿತಾ, ಎಮ್ಮಿ ಮ್ಯಾಲೆ ಕುಂತು ಯುದ್ಧಕ್ಕ ಹೊಂಟೀರೇನು?" ಎಂದು ರೇಗಿಸಿದ. ರೇಗಿಸಲಿ ಬಿಡಿ. ಬೆಳಕಿದ್ದಷ್ಟು ಹೊತ್ತೂ ಹಡಗುಗಳ ಸುತ್ತ ಒಂದು ವಿಮಾನ ಇದ್ದೇ ಇರಬೇಕು, ಯಾವ ಸುಳಿವು ಸಿಕ್ಕರೂ ದೂರ ಅಟ್ಟಿಸಿಕೊಂಡು ಹೋಗಬಾರದು ಎಂದು ಹಠ ಹಿಡಿದೆ. ವಿಮಾನ ಕಂಡರೆ ಸಬ್‌ಮರೀನ್ ಮುಳುಗಲೇಬೇಕು. ಮುಳುಗಿದರೆ ತೆವಳುತ್ತಾ ಹಿಂದೆ ಬೀಳುತ್ತದೆ. ಅಷ್ಟರಲ್ಲಿ ಹಡಗುಗಳು ಮುಂದೆ ಹೋಗಿರುತ್ತವೆ. ನಿಮಗೆ ಇದನ್ನೆಲ್ಲ ನಾನು ಹೇಳಿಕೊಡುವುದು ಅಧಿಕಪ್ರಸಂಗ. ಆಟ ಮುಗಿದಾಗ ನಾನು ಮುಳುಗಿಸಿದ್ದು ಸೊನ್ನೆ. ಅದೇ ಮೂವತ್ತೇಳರಲ್ಲಿ ದಡ ಸೇರಿದ್ದು ಮೂವತ್ತಾರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಇದನ್ನೇ ಥೀಸಿಸ್‌ನ ಒಂದು ಅಧ್ಯಾಯ ಮಾಡಿದ್ದೇನೆ, ಆದರೆ ಅದನ್ನು ಪರೀಕ್ಷಿಸುವ ಕಮಿಟಿಯ ಒಬ್ಬ ಪ್ರೊಫೆಸರ್ ಒಪ್ಪುತ್ತಿಲ್ಲ. ಆಟ ಆಟವೇ, ಏನೂ ನಡೆಯದ ದಿನವನ್ನು ಗೆಲುವು ಅನ್ನುವುದು ಹೇಗೆ, ಹಾಗೆ ದಿನವಿಡೀ ಸುಮ್ಮನೆ ಸುತ್ತಿದ ಮನುಷ್ಯನ ದಾಖಲೆ ಎಲ್ಲಿದೆ ಎಂದು ಕೇಳುತ್ತಾರೆ. ಇಲ್ಲದಿದ್ದರೆ ಆ ಅಧ್ಯಾಯ ತೆಗೆದುಬಿಡು ಅನ್ನುತ್ತಾರೆ. ನಾನು ತೆಗೆಯುವುದಿಲ್ಲ. ಚಿಕ್ಕವಳಿದ್ದಾಗ ನಿಮ್ಮ ಲಾಗ್‌ಬುಕ್ ಕದ್ದು ನೋಡಿದ್ದೆ. ಎಪ್ಪತ್ತೊಂದರ ಡಿಸೆಂಬರ್‌ನ ಪುಟಗಳ ತುಂಬ ಒಂದೇ ಮಾತು, ನಿಮ್ಮ ಗುಂಡು ಅಕ್ಷರದಲ್ಲಿ: ಕಾವಲು ಹಾರಾಟ, ಮೂರು ಗಂಟೆ, ಏನೂ ಕಾಣಲಿಲ್ಲ. ಬೇರೆ ಯುದ್ಧ, ಬೇರೆ ಸಮುದ್ರ, ಆದರೆ ಕೆಲಸ ಅದೇ. ನವೆಂಬರ್ ಹತ್ತೊಂಬತ್ತಕ್ಕೆ ನನ್ನ ವೈವಾ. ಆ ಪುಟಗಳನ್ನು ಅವರ ಮೇಜಿನ ಮೇಲೆ ಇಟ್ಟೇ ನಾನು ಮಾತು ಶುರುಮಾಡುವುದು.

ಹಯಗ್ರೀವ ಅಂಕಲ್ ಹಬ್ಬ ಮುಗಿಸಿಕೊಂಡು ಈ ತಿಂಗಳ ಇಪ್ಪತ್ತೇಳಕ್ಕೆ ಮೈಸೂರಿಂದ ಇಲ್ಲಿಗೆ ಹೊರಡುತ್ತಾರೆ. ಲಾಗ್‌ಬುಕ್ ಅವರ ಹ್ಯಾಂಡ್‌ಬ್ಯಾಗ್‌ನಲ್ಲೇ ಬರಲಿ. ಅಮ್ಮನ ಚಟ್ನಿಪುಡಿ, ತುಪ್ಪ ಎಲ್ಲ ಸೂಟ್‌ಕೇಸ್‌ನಲ್ಲಿ ಬರಲಿ. ಎರಡನ್ನೂ ಒಟ್ಟಿಗೆ ಇಡಬೇಡಿ ಎಂದು ಅಮ್ಮನಿಗೆ ಎರಡೆರಡು ಸಲ ಹೇಳಿ. ಮೆಟ್ಟಿಲು ಇಳಿಯುವಾಗ ಕೋಲು ಹಿಡಿಯಿರಿ. ನಿಮ್ಮ ಆಶೀರ್ವಾದ ಬೇಕು, ಅದಕ್ಕಿಂತ ಮೊದಲು ಪುಸ್ತಕ ಬೇಕು.

ನಿಮ್ಮ ಹಠವನ್ನೇ ಪಡೆದುಕೊಂಡ ಮೊಮ್ಮಗಳು,
ಸಂಹಿತಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಪ್ರಹ್ಲಾದ್ ಮಾವನ ಗೃಹಪ್ರವೇಶದ ಊಟದಲ್ಲಿ ಯಾರೋ ನಿಮ್ಮನ್ನು, "ಯುದ್ಧದಲ್ಲಿ ಎಷ್ಟು ಸಬ್‌ಮರೀನ್ ಮುಳುಗಿಸಿದ್ರಿ?" ಎಂದು ಕೇಳಿದರು. "ಒಂದೂ ಇಲ್ಲ" ಅಂದಿರಿ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ತಾತ. ನೀವು ನನ್ನ ಕಡೆ ಒಮ್ಮೆ ನೋಡಿ, ಪಂಕ್ತಿ ಮುಗಿಯುವ ಮೊದಲೇ ಎದ್ದುಹೋದಿರಿ. ಯಾವತ್ತೂ ಹಾಗೆ ಎದ್ದವರಲ್ಲ ನೀವು. ಹನ್ನೆರಡು ವರ್ಷವಾಯಿತು, ಈಗ ಕ್ಷಮೆ ಕೇಳುತ್ತಿದ್ದೇನೆ. ಅವತ್ತು ಯಾರೂ ಕೇಳದ ಪ್ರಶ್ನೆಯನ್ನೂ ಕೇಳುತ್ತಿದ್ದೇನೆ. ಉತ್ತರವನ್ನು ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಕೈಯಲ್ಲೇ ಬರೆದು ಕಳಿಸಿ. ನೀವು ಕಾದ ಹಡಗುಗಳಲ್ಲಿ ಎಷ್ಟು ದಡ ಸೇರಿದವು?