ಮಗ ಸಿಂಗರಿಸಿದ ಲಾಡ್ಜಿನಲ್ಲಿ ಎರಡು ರಾತ್ರಿ

ಎಂಟಾಸೆಕೆರಾ, ಲೊಯಿತಾ ಗುಡ್ಡದ ಬುಡ
ಜುಲೈ ಹದಿನಾಲ್ಕು, ಭಾನುವಾರ

ಪ್ರೀತಿಯ ಮಗ ಸಿರೋಂಕಾ,

ನಿನ್ನಮ್ಮನ ಆಶೀರ್ವಾದ ಮೊದಲು ತೆಗೆದುಕೋ, ಆಮೇಲೆ ಬೈಗುಳ. ನೈರೋಬಿಯ ಚಳಿಗೆ ನಿನ್ನ ಎದೆ ಕಟ್ಟುವುದು ಕಡಿಮೆಯಾಯಿತೇ? ಸೊಸೆ ಸಿಮಾಲೊಯಿ ಬಾಣಂತನದ ಸುಸ್ತಿನಿಂದ ಚೇತರಿಸಿಕೊಂಡಳೇ? ಇನ್ನೂ ಹೆಸರಿಡದ ನನ್ನ ಮೊಮ್ಮಗಳು ಹೇಗಿದ್ದಾಳೆ? ಅವಳಿಗೆಂದು ನಾನು ಮಣಿ ಪೋಣಿಸಿ ನಿನ್ನ ಕೈಯಲ್ಲಿ ಕಳಿಸಿದ ಪುಟ್ಟ ಸೋರೆಬುರುಡೆಯಲ್ಲಿ ಹಾಲು ಕುಡಿಯುತ್ತಿದ್ದಾಳೆಯೇ? ಮುಂದಿನ ತಿಂಗಳು ಹೆಸರಿಡುವ ದಿನ ಆ ಬುರುಡೆಯ ಹಾಲಿನಿಂದಲೇ ಅವಳ ತಲೆ ನೆನೆಸಿ ಮೊದಲ ಕೂದಲು ತೆಗೆಯಬೇಕು, ಅದು ನಿನಗೂ ಗೊತ್ತು. ಫೋನಿನಲ್ಲಿ ಕೇಳಿದಾಗಲೆಲ್ಲ "ಹ್ಞೂಂ ಅಮ್ಮಾ, ಚೆನ್ನಾಗಿ ಕುಡೀತಾಳೆ, ಮೀಟಿಂಗಲ್ಲಿದೀನಿ, ಇಡ್ತೀನಿ" ಅನ್ನುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನಡುವೆ ಕತ್ತರಿಸಲು ನಿನ್ನಿಂದ ಆಗದು.

ನಿನ್ನ ಆಸೆಯಂತೆ ಆ ಲಾಡ್ಜಿಗೆ ಹೋಗಿಬಂದೆವು. "ಒಳಗಿನ ಸಿಂಗಾರ ಪೂರ್ತಿ ನಂದೇ ಅಮ್ಮಾ, ನೋಡಿದ್ರೆ ಹೆಮ್ಮೆ ಪಡ್ತೀಯ, ಎರಡು ರಾತ್ರಿ ಪುಕ್ಕಟೆ ಇರೋಕೆ ಮಾತಾಡಿದೀನಿ" ಅಂದಿದ್ದೆಯಲ್ಲ. ನಿನ್ನಪ್ಪ ಬರಲಿಲ್ಲ. "ಹಸು ಬಿಟ್ಟು ಅಲ್ಲೇನು ಹುಲ್ಲು ಮೇಯೋಕೆ ಹೋಗ್ಲಾ?" ಎಂದು ಶುಕಾ ಕೊಡವಿ ಹೊದ್ದುಕೊಂಡು ಹೊರಟುಬಿಟ್ಟರು. ನಿನ್ನ ಚಿಕ್ಕಮ್ಮ ನೋಲಾರಿಯನ್ನು ಕರೆದುಕೊಂಡು ಹೋದೆ. ಇಪ್ಪತ್ತು ವರ್ಷ ಒಬ್ಬನೇ ಗಂಡನನ್ನು ಹಂಚಿಕೊಂಡು ಜಗಳವಾಡಿದ ನಾವಿಬ್ಬರೂ ಒಂದೇ ಮಾತಿನಲ್ಲಿ ಒಪ್ಪಿದ್ದು ಆ ಲಾಡ್ಜನ್ನು ಬೈಯುವುದರಲ್ಲಿ. ಅಷ್ಟರಮಟ್ಟಿಗೆ ನಿನಗೆ ಪುಣ್ಯ ಬರಲಿ.

ಬಾಗಿಲಲ್ಲೇ ನಗಾಡುವಂತಾಯಿತು. ಕೆಂಪು ಶುಕಾ ಹೊದ್ದು, ಭರ್ಜಿ ಹಿಡಿದು, ಕುತ್ತಿಗೆ ತುಂಬ ಮಣಿಸರ ಹಾಕಿಕೊಂಡ ಯುವಕನೊಬ್ಬ ಎದುರು ಬಂದ. ನಮ್ಮ ಮಾಸಾಯಿ ಹುಡುಗನೇ ಇರಬೇಕೆಂದು ನಾನು ಅವನ ತಲೆ ಮುಟ್ಟಲು ಕೈ ಚಾಚಿದೆ. ತಲೆ ಬಗ್ಗಿಸುವುದು ಬಿಟ್ಟು ಅವನು ಎರಡು ಹೆಜ್ಜೆ ಹಿಂದೆ ಸರಿದು, ಕೂದಲು ಸರಿಮಾಡಿಕೊಂಡು, ಕೈ ಕುಲುಕಲು ಬಂದ. ನೋಲಾರಿ "ಯಾವೂರಪ್ಪಾ ನಿಂದು?" ಎಂದಳು. ಲಾಮು ಅಂದ. "ಅಲ್ಲಿ ಎಷ್ಟು ಹಸು ಕಟ್ಟಿದೀಯ?" "ಹಸು ಇಲ್ಲ ಅಜ್ಜಿ, ನಮ್ಮಪ್ಪಂದು ಮೀನಿನ ದೋಣಿ." ಮೀನು ತಿನ್ನುವ ಮಾಸಾಯಿಯನ್ನು ನೋಡುವ ಭಾಗ್ಯ ಸಿಕ್ಕಿತಲ್ಲ ಎಂದು ನೋಲಾರಿ ಎರಡು ದಿನವೂ ಅವನನ್ನು ಕಂಡಾಗಲೆಲ್ಲ ನಕ್ಕಳು. ಪಾಪ, ಅವನದೇನೂ ತಪ್ಪಿಲ್ಲ, ಹೊಟ್ಟೆಪಾಡು. ಆ ವೇಷ ಹಾಕಿಸಿದವರ ಮುಖಕ್ಕೆ ಉಗಿಯಬೇಕು.

ಇನ್ನು ಆ ಮನೆ. ನಾನು ಮದುವೆಯಾದಾಗಿನಿಂದ ಐದು ಮನೆ ಕಟ್ಟಿದವಳು. ಮಳೆಯಲ್ಲಿ ನೆನೆದು ಸೆಗಣಿ ಬಳಿದವಳು. ಗಂಡಸರು ಕಟ್ಟಿದ ಮನೆ ಹೇಗಿರುತ್ತದೆ ಎನ್ನುವುದನ್ನು ಅಲ್ಲಿ ನೋಡಿದೆ. ಗೋಡೆ ಸಿಮೆಂಟಿನದು, ಮೇಲೆ ಸೆಗಣಿ ಬಣ್ಣದ ಪೇಂಟು. ಬಾಗಿಲಿಂದ ಒಳಗೆ ತಿರುವೇ ಇಲ್ಲ, ಗಾಳಿ ನೇರ ಮಂಚಕ್ಕೇ ಬಂದು ಮಲಗುತ್ತದೆ. ಒಲೆ ಇಲ್ಲ. ಬಿಸಿನೀರು ಕೇಳಿದರೆ ಮೋಡ ಇದೆ, ಸೋಲಾರ್ ಕೆಲಸ ಮಾಡದು ಅಂದರು. ದೀಪ ಕೇಳಿದರೂ ಮೋಡವೇ. ಎರಡು ದಿನವೂ ನಮ್ಮ ಕೋಣೆಯ ದೀಪ ಹತ್ತಲಿಲ್ಲ. ಕಕ್ಕಸಿನಲ್ಲಿ ನೀರಿಲ್ಲ, ಒಂದು ಡಬ್ಬಿ ಮರದ ಹೊಟ್ಟು ಇಟ್ಟಿದ್ದರು. ಇದೆಲ್ಲ ಭೂಮಿತಾಯಿಯ ಮೇಲಿನ ಪ್ರೀತಿಯಂತೆ! ಹಾಗಾದರೆ ಲೊಯಿತಾದಲ್ಲಿ ನಾವೆಲ್ಲ ಹುಟ್ಟಿದಾಗಿನಿಂದ ಭೂಮಿತಾಯಿಯನ್ನು ಪ್ರೀತಿಸುತ್ತಲೇ ಇದ್ದೇವೆ, ಯಾರೂ ಒಂದು ಕಾಸೂ ಕೊಟ್ಟಿಲ್ಲ. ಪಕ್ಕದ ಕೋಣೆಯಲ್ಲಿದ್ದ ಬೆಲ್ಜಿಯಂ ಹೆಂಗಸು ಒಂದು ರಾತ್ರಿಗೆ ತೆರುವ ಹಣದಲ್ಲಿ ಒಳ್ಳೆಯ ಹೋರಿಯೊಂದು ಬರುತ್ತದೆ. ಅವಳೂ ತಣ್ಣೀರಲ್ಲೇ ಸ್ನಾನಮಾಡಿ ನಡುಗುತ್ತಿದ್ದಳು. ನೋಲಾರಿ ಕನಿಕರಪಟ್ಟು ತನ್ನ ಶುಕಾ ಹೊದಿಸಿದಳು.

ಊಟದ ಸುದ್ದಿ ಎತ್ತಬಾರದು. ದೊಡ್ಡ ತಟ್ಟೆ, ನಡುವೆ ಮೇಕೆಯ ಒಂದು ತುಣುಕು, ಎಲುಬೇ ಇಲ್ಲ. ಸುತ್ತ ಹಸಿ ಎಲೆ. ಚಹಾಕ್ಕೆ ಹಾಲು ಕೇಳಿದರೆ ಪ್ಯಾಕೆಟ್ಟಿನ ಹಾಲು ತಂದರು. ಬೇಲಿಯಾಚೆ ನಮ್ಮವರ ಹಸುಗಳು ಕೆಚ್ಚಲು ತುಂಬಿ ನಿಂತಿದ್ದವು. ಅವು ಹೊಳೆಯ ಹತ್ತಿರ ಬಂದರೆ ಕಾವಲುಗಾರ ಸೀಟಿ ಊದುತ್ತಾನೆ, ನೋಟ ಕೆಡುತ್ತದಂತೆ. ಬೆಳಗ್ಗೆ ಜೀಪಿನಲ್ಲಿ ಕೂರಿಸಿ ಮೂಳೆ ಸಡಿಲವಾಗುವಷ್ಟು ಕುಲುಕಾಡಿಸಿ ಜೀಬ್ರಾ ತೋರಿಸಿದರು. ನೀರಿಗೆ ಹೋದಾಗಲೆಲ್ಲ ನಾವು ಕಲ್ಲೆಸೆದು ಓಡಿಸುವ ಜೀಬ್ರಾ! ಆಮೇಲೆ ಒಂದು ಪೊದೆಯ ಸುತ್ತ ಆರು ಜೀಪು ನಿಂತವು. ಪೊದೆಯಿಂದ ಸಿಂಹದ ಬಾಲವೊಂದು ಹೊರಗಿತ್ತು. ಎಲ್ಲರೂ ಆ ಬಾಲದ ಫೋಟೋ ತೆಗೆದರು. "ನಮ್ಮ ಕರು ಹೊತ್ಕೊಂಡು ಹೋದಾಗ ಪೂರ್ತಿ ಸಿಂಹಾನೇ ಕಂಡಿತ್ತಲ್ಲ, ಆಗ ಯಾಕಪ್ಪ ಇವರು ಯಾರೂ ಬರ್ಲಿಲ್ಲ?" ಎಂದು ನೋಲಾರಿ ಡ್ರೈವರನ್ನು ಕೇಳಿದಳು. ಅವನು ಗೇರು ಬದಲಿಸಿದ.

ನಿನ್ನ ಸಿಂಗಾರವನ್ನೂ ಕಣ್ಣು ತುಂಬ ನೋಡಿದೆ. ಊಟದ ಮನೆಯ ಸೂರಿನ ತುಂಬ ಸೋರೆಬುರುಡೆಗಳು, ಒಂದೊಂದರ ಒಳಗೂ ಒಂದು ಬಲ್ಬು. "ಹಳೇ ಬುರುಡೆ ಇದ್ರೆ ಕೊಡಮ್ಮ, ಮನೇಲಿ ನೆನಪಿಗೆ ಇಟ್ಕೋತೀನಿ" ಎಂದು ಗೋಣಿ ತುಂಬಿಕೊಂಡು ಹೋದೆಯಲ್ಲ, ಅವೇ. ನಿನ್ನಜ್ಜಿಯದು ಇತ್ತು. ನೀನು ಹೊಟ್ಟೆಯಲ್ಲಿದ್ದಾಗ ನಾನು ಚರ್ಮದ ದಾರದಿಂದ ಹೊಲಿದಿದ್ದ ಒಡಕು ಬುರುಡೆಯೂ ಇತ್ತು. ಆಯಿತು, ಹಳೆಯವು, ಹಾಲು ನಿಲ್ಲದವು, ಕೊಟ್ಟವಳು ನಾನೇ ಎಂದು ನುಂಗಿಕೊಂಡೆ. ಬೆಲ್ಜಿಯಂ ಹೆಂಗಸು ಅವನ್ನು ನೋಡಿ ಬಲು ಚೆಂದ ಅಂದಳು. ಮಗನೇ, ನನಗೆ ಹೆಮ್ಮೆಯಾಗಲಿಲ್ಲ, ಅಸಹ್ಯವಾಯಿತು. ಮುಚ್ಚಿಟ್ಟು ಏನು ಪ್ರಯೋಜನ?

ಇಲ್ಲಿ ಎಲ್ಲರೂ ಸೌಖ್ಯ. ಬಿಳಿಮೂತಿಯ ಹಸು ಹೆಣ್ಣುಕರು ಹಾಕಿದೆ, ಅಪ್ಪ ಅದನ್ನು ಮೊಮ್ಮಗಳ ಪಾಲಿಗೆ ಎಂದಿದ್ದಾರೆ. ನಿನ್ನ ಹಟ್ಟಿ ತುಂಬಲಿ, ಮಳೆ ನಿನ್ನ ಹಿಂದೆಯೇ ಬರಲಿ, ನಿನ್ನ ಮಕ್ಕಳು ನಿನ್ನ ಮಾತು ಕೇಳಲಿ, ನೀನು ನನ್ನ ಮಾತು ಕೇಳದಿದ್ದರೂ.

ನಿನ್ನ ಹೆತ್ತಮ್ಮ,
ಕಿಸಾರು

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನರೋಕಿಗೆ ಹೋಗುವ ಮಟಾಟು ವ್ಯಾನು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಹೊರಡುವ ದಿನ ಬೆಳಗ್ಗೆ ಕಿಟಕಿ ತೆರೆದಾಗ ನಮ್ಮ ಮಂಚದ ಪಕ್ಕದ ಆ ಹತ್ತದ ದೀಪ ಸರಿಯಾಗಿ ಕಂಡಿತು. ಪುಟ್ಟ ಬುರುಡೆ, ನೀಲಿ ಬಿಳಿ ಮಣಿ, ನಡುವೆ ಒಂದೇ ಒಂದು ಹಸಿರು. ಮೂಸಿ ನೋಡಿದೆ, ಹಾಲು ಕೆಡದಿರಲೆಂದು ನಾನು ಆಲಿವ್ ಕೊಳ್ಳಿಯಿಂದ ಹಿಡಿಸಿದ ಹೊಗೆಯ ವಾಸನೆ ಇನ್ನೂ ಹಾಗೇ ಇತ್ತು. ಹಾಲಿನ ವಾಸನೆ ಇರಲಿಲ್ಲ. ತಳದಲ್ಲಿ ವೈರಿಗೆಂದು ತೂತು ಕೊರೆದಿದ್ದರು. ನೀನು ಅದನ್ನು ಬಚ್ಚಿಟ್ಟಿದ್ದರೆ ಕಳ್ಳ ಎಂದುಕೊಳ್ಳುತ್ತಿದ್ದೆ. ಅದೇ ಕೋಣೆಯಲ್ಲಿ ನನ್ನನ್ನು ಮಲಗಿಸಿದೆ ಎಂದರೆ, ಅದು ಯಾವ ಬುರುಡೆ ಎನ್ನುವುದೇ ನಿನಗೆ ನೆನಪಿಲ್ಲ. ಸಿಮಾಲೊಯಿಗೆ ಫೋನ್ ಮಾಡಿದೆ. "ಅತ್ತೆ ಇನ್ನೂ ಬುರುಡೆ ಕಳಿಸಿಲ್ಲ, ಹೆಣ್ಣುಮಗು ಅಂತ ಬೇಜಾರೇನೋ ಅಂದ್ಕೊಂಡಿದ್ದೆ" ಎಂದು ಅತ್ತಳು. ಇಷ್ಟು ದಿನ ಆ ಹುಡುಗಿ ನನ್ನ ಬಗ್ಗೆ ಹಾಗೆ ಅಂದುಕೊಂಡು ಕೂತಿದ್ದಳಲ್ಲೋ!

ಬುರುಡೆ ಬಿಚ್ಚಿಕೊಂಡು ಬಂದೆ. ಮ್ಯಾನೇಜರ್ ಲಾಡ್ಜಿನ ಆಸ್ತಿ ಎಂದು ಅಡ್ಡ ನಿಂತ. ನೋಲಾರಿ "ಪೊಲೀಸ್ರನ್ನ ಕರಿ ಹೋಗು, ಅವ್ರೂ ಯಾರ್ದೋ ಬುರುಡೇಲಿ ಹಾಲು ಕುಡಿದೇ ಬೆಳೆದಿರ್ತಾರೆ" ಎಂದಳು. ಅವನು ದಾರಿ ಬಿಟ್ಟ.

ಹೆಸರಿಡುವ ದಿನ ನಿಲ್ಲುವುದಿಲ್ಲ. ಸಂತೆಯಿಂದ ಹೊಸ ಬುರುಡೆ ತಂದು ಹೊಗೆ ಹಾಕುತ್ತಿದ್ದೇನೆ, ಅದನ್ನು ಸಿಮಾಲೊಯಿಯ ಕೈಗೇ ಕೊಡುತ್ತೇನೆ, ನಿನ್ನ ಕೈಗಲ್ಲ. ಹಸಿರು ಮಣಿಯನ್ನು ಬಿಚ್ಚಿ ಹೊಸದಕ್ಕೆ ಕಟ್ಟಿದ್ದೇನೆ. ಅದು ನೀನು ಹಾಲು ಕುಡಿದ ಬುರುಡೆಯ ಮಣಿ. ತೂತಾದದ್ದನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ನಿನ್ನ ಮನೆಯ ನಡುಕೋಣೆಯಲ್ಲೇ ತೂಗುಹಾಕಿ ದೀಪ ಹಚ್ಚು. ಬಂದವರು ಚೆಂದ ಎಂದರೆ, ಅದು ಯಾರದೆಂದು ನೀನೇ ಹೇಳು.